ಗೇರ್ ಎಣ್ಣೆಯಲ್ಲಿ ತಾರ್ಲೆ ನಾತ

ಪ್ಲಗ್ ಬಿಚ್ಚಿದ ಮೇಲೂ ಎಣ್ಣೆ ಇಳಿಯಲಿಲ್ಲ. ಹೊನ್ನಾವರದ ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ, ಮೀನು ಸಾಗಿಸುವ ಲಾರಿಯ ಅಡಿಯಲ್ಲಿ, ಸ್ಯಾಂಪಲ್ ಬಾಟಲಿ ಹಿಡಿದು ನಾನು ಕುಕ್ಕರಗಾಲಿನಲ್ಲಿ ಕೂತಿದ್ದೆ. ಹಿಂದಿನ ಚಕ್ರಗಳ ನಡುವೆ ಗುಂಡನೆಯ ಕಬ್ಬಿಣದ ಪೆಟ್ಟಿಗೆಯೊಂದು ಜೋಲುತ್ತಿರುತ್ತದಲ್ಲ, ಗ್ಯಾರೇಜಿನವರು ಅದಕ್ಕೆ ಕ್ರೌನ್ ಅನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಿರುಗಿಸಿ ಕೊಡುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಎಣ್ಣೆ ಜೇನಿನ ಬಣ್ಣದಲ್ಲಿ ಧಾರೆಯಾಗಿ ಬೀಳಬೇಕು. ಇದು ನೆಗಡಿಯಾದ ಮಗುವಿನ ಸಿಂಬಳದ ಹಾಗೆ ತೂತಿನ ಬಾಯಿಗೆ ಬಂದು ನೇತುಬಿತ್ತು, ಅಲ್ಲೇ ನಿಂತಿತು. ಗ್ಯಾರೇಜಿನ ಮೇಸ್ತ್ರಿ ಸ್ಕ್ರೂಡ್ರೈವರ್ ತೂರಿಸಿ ತಿವಿದರು. ಕರಿ ಮುದ್ದೆಯೊಂದು ಕಳಚಿ ಬಾಟಲಿಗೆ ಬೀಳದೆ ನನ್ನ ಮುಂಗೈ ಮೇಲೆ ಬಿತ್ತು. ಅದರ ಹಿಂದೆಯೇ ನಾತ ಬಂತು.

ನಾತಕ್ಕೆ ನಾನು ಹೆದರುವವಳಲ್ಲ. ಕುಮಟೆಯಲ್ಲಿ ಮೀನು ತಿಂದೇ ಬೆಳೆದವಳು. ಹೊಟ್ಟೆಪಾಡಿಗೆ ವಾಹನಗಳ ಎಣ್ಣೆ ತಯಾರಿಸುವ ಕಂಪನಿಯಲ್ಲಿ ರಸಾಯನಶಾಸ್ತ್ರದ ಕೆಲಸ ಹಿಡಿದವಳು. ಗೇರ್ ಎಣ್ಣೆಯಲ್ಲಿ ಗಂಧಕ ಇರುತ್ತದೆ, ಹಲ್ಲಿಗೆ ಹಲ್ಲು ಉಜ್ಜಿ ಸವೆಯದಿರಲಿ ಅಂತ ಸೇರಿಸುವುದು. ಅದು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಆ ನಾತ ನನಗೆ ಆಫೀಸಿನ ಗೋಡೆಯಷ್ಟು ಪರಿಚಿತ. ಆದರೆ ಈ ಮುದ್ದೆಯಲ್ಲಿ ಗಂಧಕದ ಕೆಳಗೆ ಸುಟ್ಟ ವಾಸನೆ, ಸುಟ್ಟ ವಾಸನೆಯ ಕೆಳಗೆ ಇನ್ನೇನೋ ಒಂದು ಹಳಸಿದ್ದು ಅವಿತು ಕೂತಿತ್ತು. ಛೀ! ಲಾರಿಯಡಿಯಿಂದ ತೆವಳಿ ಹೊರಗೆ ಬಂದವಳೇ ನಲ್ಲಿ ಹತ್ತಿರ ಓಡಿ ವಾಕರಿಸಿದೆ. ಬೆಳಿಗ್ಗೆ ತಿಂದ ದೋಸೆ ಉಳಿಯಲಿಲ್ಲ.

ಮೇಸ್ತ್ರಿ ನಗಲಿಲ್ಲ. ಸೋಪು ತಂದು ಕೈಗೆ ಕೊಟ್ಟರು. ಭಟ್ಕಳದವರು. ಹೊನ್ನಾವರಕ್ಕೆ ಬಂದು ಈ ಗ್ಯಾರೇಜು ಹಾಕಿ ಬಹಳ ಕಾಲವಾಗಿತ್ತು. ನಮ್ಮ ಕಂಪನಿಯ ಗೇರ್ ಎಣ್ಣೆಯನ್ನು ಡ್ರಮ್ಮಿನಲ್ಲಿ ತರಿಸಿ ಗಾಡಿಗಳಿಗೆ ತುಂಬುತ್ತಿದ್ದರು. ಆ ಎಣ್ಣೆ ಒಳ್ಳೆಯದು ಅಂತ ಅವರಿಗೆ ಹೇಳಿದ್ದು ನಾನೇ.

"ಮೇಡಮ್, ಅಲ್ಲಾನ ಆಣೆ, ಈ ಲಾರಿಗೆ ನಾನು ಹಾಕಿದ್ದು ನಿಮ್ಮ ಡ್ರಮ್ಮಿನ ಎಣ್ಣೆ. ಇಂಥ ಗಲೀಜು ಹಾಕೂದಿದ್ರೆ ನಾನು ಗ್ಯಾರೇಜ್ ಯಾಕೆ ಇಡ್ಲಿ?" ಅಂದರು. ಧ್ವನಿ ಏರಿಸಲಿಲ್ಲ. ಶೆಡ್ಡಿನ ಕಡೆ ಕೈ ತೋರಿಸಿದರು. ಈ ಲಾರಿ ಬಿಟ್ಟರೆ ಒಳಗೆ ಬೇರೆ ಗಾಡಿ ಇರಲಿಲ್ಲ. ಹುಡುಗರಿಲ್ಲ, ಸದ್ದಿಲ್ಲ.

ಆದದ್ದು ಇಷ್ಟು. ಶರಾವತಿಯಾಚೆಯ ಕಾಸರಕೋಡು ಬಂದರಿನಿಂದ ಬಂಗಡೆ ಮೀನು ತುಂಬಿಕೊಂಡು ಗೇರುಸೊಪ್ಪೆ ಘಟ್ಟ ಹತ್ತುತ್ತಿದ್ದ ಈ ಲಾರಿಯ ಕ್ರೌನ್ ದಾರಿ ಮಧ್ಯೆ ಹಿಡಿದುಕೊಂಡಿತು, ಚಕ್ರ ತಿರುಗಲಿಲ್ಲ. ಬಿಸಿಲಿಗೆ ಐಸು ಕರಗಿತು. ಬೇರೆ ಗಾಡಿ ಬರುವಷ್ಟರಲ್ಲಿ ಬಂಗಡೆ ಅಷ್ಟೂ ಕೊಳೆತು ನೀರಾಗಿತ್ತು. ಲಾರಿಯ ಯಜಮಾನ್ತಿ, ಕಾಸರಕೋಡಿನ ಮೀನು ವ್ಯಾಪಾರದ ಹೆಂಗಸು, ಬಂದರಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ಮೇಸ್ತ್ರಿ ಡ್ರಮ್ಮಿಗೆ ಹಳೇ ಸುಟ್ಟೆಣ್ಣೆ ತುಂಬಿ ಹೊಸದು ಅಂತ ಹಾಕಿದ್ದಾನೆ. ಕಂಪನಿಗೂ ದೂರು ಬಂತು. ಅಂದಿನಿಂದ ಕಾಸರಕೋಡಿನ ಗಾಡಿಗಳು ಇವರ ಗ್ಯಾರೇಜಿನ ಎದುರೇ ಹಾರ್ನ್ ಹೊಡೆದುಕೊಂಡು ಮುಂದೆ ಹೋಗುತ್ತಿದ್ದವು.

"ಮೀನಿನ ಗಾಡಿ ಇಲ್ದೆ ಈ ಶೆಟರ್ ತೆಗ್ದು ಪ್ರಯೋಜನ ಇಲ್ಲ ಮೇಡಮ್. ನಾನು ಕಲಬೆರಕೆ ಮಾಡಿದ್ರೆ ಹಾಗೇ ಬರೀರಿ, ಸಾಮಾನು ಕಟ್ಟಿ ಭಟ್ಕಳಕ್ಕೆ ಹೋಗ್ತೇನೆ. ಮಾಡಿಲ್ಲ ಅಂದ್ರೆ ಅದನ್ನೂ ಬರೀರಿ. ಬರ್ದು ಅವ್ರ ಎದುರಿಗೇ ಓದಿ. ನನ್ನ ಇಜ್ಜತ್ ಹೋಗಿದ್ದು ಬಂದರಿನಲ್ಲಿ, ಅದು ನಿಮ್ಮ ಆಫೀಸಿನ ಫೈಲಲ್ಲಿ ವಾಪಸ್ ಬರೂದಿಲ್ಲ."

ಆಗಲಿ ಅಂದೆ. ಆದರೆ ನಿಜ ಹೇಳಬೇಕೆಂದರೆ ಅವರನ್ನು ಪೂರ್ತಿ ನಂಬಿರಲಿಲ್ಲ. ಹಳೆಯ ಎಣ್ಣೆಯ ಬಣ್ಣ ತೆಗೆದು ಹೊಸ ಡ್ರಮ್ಮಿಗೆ ತುಂಬುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರೆಲ್ಲರೂ ದೇವರ ಮೇಲೆ ಆಣೆ ಇಡುವವರೇ. ಈ ಕೆಲಸದಲ್ಲಿ ಮನುಷ್ಯರ ಬಗ್ಗೆ ಹೇಸಿಗೆ ಹುಟ್ಟುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಲಾರಿಯ ಮುದ್ದೆಯನ್ನು ಚಮಚದಲ್ಲಿ ಕೆರೆದು ಒಂದು ಬಾಟಲಿಗೆ ತುಂಬಿದೆ. ಮೇಸ್ತ್ರಿಯ ಡ್ರಮ್ಮಿನಿಂದ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ಎಳೆದು ಇನ್ನಷ್ಟು ಬಾಟಲಿ ತುಂಬಿದೆ. ಮುಚ್ಚಳಕ್ಕೆ ಅರಗು ಹಾಕಿದೆ, ಅವರ ಸಹಿ ಹಾಕಿಸಿದೆ. ಡ್ರಮ್ಮಿನ ಎಣ್ಣೆ ನೋಡಲು ಚೆನ್ನಾಗಿಯೇ ಇತ್ತು.

ಅಲ್ಲಿಂದ ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಹೋದೆ. ಮೀನು ಒಣಗಿಸುವ ಬಯಲು, ಕೊಳೆತ ನೀರು ನಿಂತ ಗುಂಡಿ, ಮಗುಚಿ ಹಾಕಿದ ಹಳೇ ಮರದ ದೋಣಿಯೊಂದಕ್ಕೆ ಡಬ್ಬಿಯಿಂದ ಅದ್ದಿ ಅದ್ದಿ ಏನನ್ನೋ ಬಳಿಯುತ್ತಿದ್ದ ಮುದುಕ. ಸೆರಗು ಮೂಗಿಗೆ ಒತ್ತಿಕೊಂಡು ದಾಟಿದೆ. ಆಗಲೇ ನನಗೆ ಹೊಳೆಯಬೇಕಿತ್ತು. ಆದರೆ ಅಲ್ಲಿ ಒಂದು ನಾತದ ಮೇಲೆ ಇನ್ನೊಂದು ನಾತ ಸವಾರಿ ಮಾಡುತ್ತಿರುವಾಗ ಯಾವುದು ಯಾವುದೆಂದು ಬೇರೆ ಮಾಡುವುದು ಹೇಗೆ?

ಯಜಮಾನ್ತಿ ಬುಟ್ಟಿಗಳ ಮಧ್ಯೆ ಕೂತು ಮೀನು ಆರಿಸುತ್ತಿದ್ದಳು. ಒಂದೊಂದು ಮೀನಿನ ಕಿವಿರು ಎತ್ತಿ ಮೂಗಿಗೆ ಹಿಡಿಯುವುದು, ಸರಿಯಿದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ ಎಸೆಯುವುದು. ನನ್ನನ್ನೂ ಒಮ್ಮೆ ಹಾಗೇ ನೋಡಿದಳು.

"ಎಣ್ಣೆ ಕಂಪನಿಯವ್ಳಾ? ಎಂತಕ್ಕೆ ಬಂದೆ? ನನ್ನ ಬಂಗಡೆ ತಿರುಗಿ ಜೀವ ಮಾಡ್ತ್ಯಾ?"

"ಗಾಡಿಗೆ ಎಂತ ಆಯ್ತು ನೋಡೂಕೆ ಬಂದೆ."

"ನೋಡೂದೆಂತ ಅದ್ರಲ್ಲಿ? ಆ ಮೇಸ್ತ್ರಿ ಸುಟ್ಟೆಣ್ಣೆ ಹಾಕ್ದ. ನಾ ಮೂಗು ಇಟ್ಕಂಡೇ ವ್ಯಾಪಾರ ಮಾಡೂದು ಮಾರಾಯ್ತಿ. ಮೀನು ಹಾಳಾಯ್ದೋ ಇಲ್ಯೋ, ಮನ್ಷ ಹಾಳಾಯ್ದ್ನೋ ಇಲ್ಯೋ, ಎರಡೂ ಗುತ್ತಾತದೆ ನಂಗೆ."

ಲಾರಿಯ ಎಣ್ಣೆಯನ್ನು ಮೂಸಿ ನೋಡಿದ್ದೀಯಾ ಅಂತ ಕೇಳಿದೆ. ಕೇಳಿದ್ದೇ ತಪ್ಪಾಯಿತು. "ನಾ ಎಂತಕ್ಕೆ ಗಾಡಿ ಅಡಿಗೆ ನುಗ್ಲಿ?" ಅಂತ ಹರಿಹಾಯ್ದಳು.

ಅವಳ ಡ್ರೈವರ್ ಹಿರೇಗುತ್ತಿಯವನು. ಮೊದಲು ದೋಣಿಯಲ್ಲಿದ್ದು ಆಮೇಲೆ ಸ್ಟಿಯರಿಂಗ್ ಹಿಡಿದವನು. ಗಾಡಿ ನಿಲ್ಲುವ ಮುಂಚೆ ಸದ್ದು ಬರುತ್ತಿತ್ತಾ ಅಂತ ಅವನನ್ನು ಕೇಳಿದೆ.

"ಬಂದಿತ್ತು. ಗುಂಯ್ಯಂತ. ಆಮೇಲೆ ನಿಂತಿತ್ತು."

"ನಿಂತಿತ್ತು ಅಂದ್ರೆ? ತಾನೇ?"

"ಹೌದು, ತನ್ನಷ್ಟಕ್ಕೇ," ಅಂದವನು ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗಿದ. ಸವೆದ ಹಲ್ಲುಗಾಲಿಯ ಸದ್ದು ತಾನಾಗಿ ನಿಲ್ಲುವುದನ್ನು ನಾನು ಎಲ್ಲೂ ಕಂಡಿಲ್ಲ.

ಬಾಟಲಿಗಳಲ್ಲಿ ಒಂದೊಂದು ಪಾಲನ್ನು ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿ, ಒಂದೊಂದು ಪಾಲನ್ನು ನನ್ನಲ್ಲೇ ಇಟ್ಟುಕೊಂಡೆ. ಲಾರಿಯ ಮುದ್ದೆಯ ಫಲಿತಾಂಶ ಮೊದಲು ಬಂತು. ಇನ್ಫ್ರಾರೆಡ್ ಬೆಳಕು ಹಾಯಿಸಿದಾಗ ಬರುವ ಗೆರೆಯಲ್ಲಿ, ಎಣ್ಣೆ ಹಳತಾಗಿ ಆಮ್ಲವಾದರೆ ಒಂದು ಕಡೆ ಉಬ್ಬು ಬರುತ್ತದೆ. ಅದು ಇತ್ತು, ಇರಬೇಕಾದ್ದೇ. ಅದರ ಪಕ್ಕದಲ್ಲಿ ಎಸ್ಟರಿನ ಉಬ್ಬು ಚೂಪಾಗಿ ಎದ್ದು ನಿಂತಿತ್ತು. ಎಸ್ಟರ್ ಅಂದರೆ ಕೊಬ್ಬು. ಪ್ರಾಣಿಯದೋ ಗಿಡದ್ದೋ ಎಣ್ಣೆ. ನಮ್ಮ ಗೇರ್ ಎಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ.

ಆ ಗೆರೆ ನೋಡಿದ ಕ್ಷಣ ಮುಂಗೈ ಮೇಲೆ ಬಿದ್ದ ಮುದ್ದೆಯ ನಾತ ಮತ್ತೆ ಮೂಗಿಗೆ ಬಂತು. ಹಳಸಿದ್ದು ಏನೆಂದು ಈಗ ಗೊತ್ತಾಯಿತು. ತಾರ್ಲೆ ಮೀನಿನ ಎಣ್ಣೆ! ದೋಣಿಗೆ ಬಳಿಯುವುದು! ಥೂ, ಅದನ್ನು ಕ್ರೌನಿಗೆ ಸುರಿದು ಘಟ್ಟ ಹತ್ತಿಸಿದ್ದಾರೆ! ಕಾದ ಮೀನೆಣ್ಣೆಯಲ್ಲಿ ಗಂಧಕ ಕುದಿಸಿದ ಹಾಗೆ!

ಎಣ್ಣೆ ಕೆಡುವುದು ಹೇಗೆಂದು ಇಲ್ಲಿ ಸ್ವಲ್ಪ ಹೇಳದೆ ವಿಧಿಯಿಲ್ಲ. ಬಿಸಿಗೆ ಎಣ್ಣೆಯ ಅಣುವೊಂದು ತನ್ನ ಹೈಡ್ರೋಜನ್ ಕಳೆದುಕೊಂಡರೆ ಆ ಖಾಲಿ ಜಾಗದಲ್ಲಿ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ. ಕೂತ ಮೇಲೆ ಅದು ಸುಮ್ಮನಿರುವುದಿಲ್ಲ, ಪಕ್ಕದ ಅಣುವಿನ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆ ಅಣು ಇನ್ನೊಂದರದ್ದನ್ನು ಕೀಳುತ್ತದೆ. ಹೀಗೆ ಹಬ್ಬುತ್ತಾ ಹೋಗಿ ಎಣ್ಣೆ ಹುಳಿಯಾಗುತ್ತದೆ, ಮಂದವಾಗುತ್ತದೆ, ಕೊನೆಗೆ ಅಂಟಾಗುತ್ತದೆ. ಇದನ್ನು ತಡೆಯಲೆಂದೇ ಆಂಟಿಆಕ್ಸಿಡೆಂಟ್ ಬೆರೆಸುವುದು. ಅದು ನಡುವೆ ನಿಂತು ತನ್ನದೇ ಹೈಡ್ರೋಜನ್ ಕೊಟ್ಟು ಜಗಳ ನಿಲ್ಲಿಸುತ್ತದೆ, ಕೊಟ್ಟು ಕೊಟ್ಟು ತಾನು ಬರಿದಾಗುತ್ತದೆ. ತಾರ್ಲೆ ಎಣ್ಣೆಯ ಅಣುಗಳಲ್ಲಿ ಹೈಡ್ರೋಜನ್ ಮುಟ್ಟಿದರೆ ಉದುರುವಷ್ಟು ಸಡಿಲ. ಆದ್ದರಿಂದಲೇ ಮರಕ್ಕೆ ಹಚ್ಚಿದರೆ ಅದು ಗಾಳಿ ಕುಡಿದು ಒಣಗಿ ಪೊರೆ ಕಟ್ಟುತ್ತದೆ, ದೋಣಿಯೊಳಗೆ ನೀರು ಬಿಡುವುದಿಲ್ಲ. ಅದೇ ಗುಣ ಕ್ರೌನಿನೊಳಗೆ ಹೋದರೆ ಇದ್ದಬದ್ದ ಆಂಟಿಆಕ್ಸಿಡೆಂಟನ್ನೆಲ್ಲ ನುಂಗಿ ಹಲ್ಲುಗಾಲಿಗೇ ಪೊರೆ ಕಟ್ಟುತ್ತದೆ.

ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ಕಂಪನಿಯಲ್ಲಿ ಈ ಭಾಗದ ದೂರುಗಳೆಲ್ಲ ಹೋಗಿ ಸೇರುವುದು ಅವರ ಮೇಜಿಗೆ. ಕೊಬ್ಬು ಸಿಕ್ಕಿದೆ ಅಂದ ಕೂಡಲೇ ಅವರ ಧ್ವನಿಯಲ್ಲಿ ಹಬ್ಬ ಶುರುವಾಯಿತು.

"ಭೇಷ್! ಮುಗೀತಲ್ಲ ಮತ್ತೆ? ಸರ್ವಿಸ್ ಮಾಡಿದ ಜಾಗದಲ್ಲಿ ಕಲಬೆರಕೆ ಅಂತ ಬರೆದು ಕಳಿಸಿ."

"ಹಾಕಿದ್ದು ಯಾರಂತ ಇನ್ನೂ ಗೊತ್ತಿಲ್ಲ ಸರ್."

"ಯಾರಾದ್ರೆ ನಮಗೇನ್ರೀ? ನಾವಲ್ಲ ತಾನೆ? ಬರೀರಿ."

ಬರೆದರೆ ಮೇಸ್ತ್ರಿಯ ಶೆಟರ್ ಮುಚ್ಚಿದಂತೆಯೇ. ಬರೆಯುವ ಮುಂಚೆ ಅವರಿಗೊಂದು ಮಾತು ಹೇಳೋಣವೆಂದು ಗ್ಯಾರೇಜಿಗೆ ಹೋದೆ. ಮೀನೆಣ್ಣೆ ಅಂದ ತಕ್ಷಣ ಅವರು ಸ್ಪಾನರ್ ಕೆಳಗಿಟ್ಟರು.

"ಮೀನೆಣ್ಣೆ ನನ್ನ ಹತ್ರ ಎಲ್ಲಿಂದ ಬರ್ತದೆ ಮೇಡಮ್? ಒಂದು ಕೆಲಸ ಮಾಡಿ. ಸಂತೆಗುಳಿಯ ಒಂದು ಟೆಂಪೋ ಇದೆ. ಅಡುಗೆ ಪಾತ್ರೆ ಬಾಡಿಗೆಗೆ ಕೊಡೋರದ್ದು. ಅದಕ್ಕೂ ಇದೇ ಡ್ರಮ್ಮಿಂದ ಹಾಕಿದ್ದೇನೆ. ಅದನ್ನೂ ಬಿಚ್ಚಿ ನೋಡಿ. ಅದು ಸರಿ ಇದ್ರೆ ನನ್ನ ಡ್ರಮ್ ಸರಿ ಇದೆ ಅಂತ ಆಯ್ತಲ್ಲ?"

ಮಾತಿನಲ್ಲಿ ನ್ಯಾಯವಿತ್ತು. ಟೆಂಪೋದ ಯಜಮಾನರು ಕುಮಟೆಯ ಮಾರ್ಕೆಟ್ಟಿನ ಹತ್ತಿರ ಪಾತ್ರೆ ಇಳಿಸುತ್ತಿದ್ದಾಗ ಸಿಕ್ಕಿದರು. ವಿಭೂತಿ ಇಟ್ಟ ಹಿರಿಯ ಭಟ್ಟರು. ವಿಷಯ ತಿಳಿಸಿ, ಕ್ರೌನಿಗೆ ಯಾರಾದರೂ ಮೀನೆಣ್ಣೆ ಹಾಕಿರಬಹುದೇ ಎಂದು ಕೇಳಿದೆ.

ಅವರು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಶಿವ ಶಿವಾ! ಎಂತ ಕೇಳ್ತಾ ಇದ್ದೆ ತಂಗೀ ನೀನು? ಉಪನಯನಕ್ಕೆ, ಮದ್ವೆಗೆ ಪಾತ್ರೆ ತಗಂಡು ಹೋಪ ಗಾಡಿ ಇದು! ಮೀನೆಣ್ಣೆ ಹಾಂಗಿರ್ಲಿ, ಮೀನಿನ ಲಾರಿ ಹಿಂದೆ ಗಾಡಿ ನಿಲ್ಸದೂ ಇಲ್ಲೆ ಆನು!"

"ಸದ್ದು ಬರ್ತದಾ?"

ಅವರು ಸ್ವಲ್ಪ ತಣ್ಣಗಾದರು. "ಅದೊಂದು ಬತ್ತಾ ಇದ್ದು. ದೇವಿಮನೆ ಘಟ್ಟ ಹತ್ತಕಾದ್ರೆ ಗುಂಯ್ ಹೇಳಿ. ಎಂತಕ್ಕೆ ಹೇಳಿ ಗೊತ್ತಿಲ್ಲೆ."

ಅಲ್ಲೇ ರಸ್ತೆ ಬದಿಯಲ್ಲಿ ಪ್ಲಗ್ ಬಿಚ್ಚಿದೆ. ಎಣ್ಣೆ ಇಳಿಯಿತು, ಆದರೆ ಕಾಕಂಬಿಯ ಹಾಗೆ ಸೋಮಾರಿಯಾಗಿ, ಕಪ್ಪಗೆ. ಮೂಸಿದೆ. ಹುಳಿ, ಸುಟ್ಟದ್ದು, ಗಂಧಕ. ಮೀನು ಇಲ್ಲವೇ ಇಲ್ಲ. ಹಾಕಿಸಿ ಬಹಳ ದಿನವೂ ಆಗಿರಲಿಲ್ಲ. ಇಷ್ಟು ಬೇಗ ಇಷ್ಟು ಕೆಡಬಾರದು. ಮೀನೆಣ್ಣೆ ಕಥೆಯ ಅರ್ಧ ಮಾತ್ರ, ಇನ್ನರ್ಧ ಆ ಡ್ರಮ್ಮಿನಲ್ಲೇ ಇದೆ ಅನ್ನುವುದು ಅಲ್ಲಿ ರಸ್ತೆಯಲ್ಲಿ ಕೂತಾಗ ನನಗೆ ಖಚಿತವಾಯಿತು. ಡ್ರಮ್ಮಿಗೆ ಕೈ ಹಾಕಿದ್ದು ಮೇಸ್ತ್ರಿಯೋ, ಅಥವಾ ಡ್ರಮ್ಮು ಹುಟ್ಟಿದ್ದೇ ಹೀಗೋ?

ಆಂಟಿಆಕ್ಸಿಡೆಂಟ್ ಎಷ್ಟು ಉಳಿದಿದೆ ಎಂದು ಅಳೆಯುವ ಕೈಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದು ನನ್ನ ಬಳಿ ಇರುತ್ತದೆ. ಮಾರನೇ ಬೆಳಿಗ್ಗೆ ಕುಮಟೆಯ ಮನೆಯ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿದೆ. ದ್ರಾವಣ ಮತ್ತು ಚಿಟಿಕೆ ಮರಳು ಇರುವ ಪುಟ್ಟ ಶೀಷೆಗೆ ಅಳತೆ ಮಾಡಿ ಎಣ್ಣೆ ಬಿಡಬೇಕು, ಕುಲುಕಬೇಕು, ಮರಳಿನ ಜೊತೆ ಎಣ್ಣೆ ತಳಕ್ಕೆ ಕೂರುವ ತನಕ ಕಾಯಬೇಕು. ಆಂಟಿಆಕ್ಸಿಡೆಂಟ್ ಮೇಲಿನ ತಿಳಿ ದ್ರಾವಣದಲ್ಲಿ ಉಳಿಯುತ್ತದೆ. ಅದರಲ್ಲಿ ತಂತಿ ಮುಳುಗಿಸಿ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ ಹೋದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ನಮ್ಮ ಗೇರ್ ಎಣ್ಣೆಯಲ್ಲಿ ಎರಡು ಬಗೆಯ ಆಂಟಿಆಕ್ಸಿಡೆಂಟ್ ಇರುವುದರಿಂದ ಎರಡು ಗುಡ್ಡ ಬರಬೇಕು. ಮೊದಲನೆಯದು ಅಮೀನ್, ಎರಡನೆಯದು ಫೀನಾಲ್. ಫೀನಾಲ್ ಹದವಾದ ಬಿಸಿಯಲ್ಲಿ ಕೆಲಸ ಮಾಡುತ್ತದೆ. ಕ್ರೌನ್ ಕೆಂಡವಾದಾಗ ನಿಂತು ಹೋರಾಡುವುದು ಅಮೀನ್, ಅದು ಸೋತಾಗ ಫೀನಾಲ್ ತನ್ನ ಹೈಡ್ರೋಜನ್ ಕೊಟ್ಟು ಅದನ್ನು ಮತ್ತೆ ಎಬ್ಬಿಸುತ್ತದೆ. ಒಂದಿಲ್ಲದೆ ಇನ್ನೊಂದು ಹೆಚ್ಚು ದೂರ ಹೋಗುವುದಿಲ್ಲ.

ನನ್ನ ಕಾರಿನ ಡಿಕ್ಕಿಯಲ್ಲಿದ್ದ, ನಮ್ಮ ಹಳೆಯ ತಯಾರಿಯ ಸೀಲಾದ ಡಬ್ಬಿಗಳಲ್ಲಿ ಒಂದನ್ನು ಒಡೆದು ಮೊದಲು ನೋಡಿದೆ. ಎರಡು ಗುಡ್ಡ. ಮೇಸ್ತ್ರಿಯ ಡ್ರಮ್ಮಿನದು ನೋಡಿದೆ. ಒಂದೇ ಗುಡ್ಡ! ಅಮೀನ್ ಇರಬೇಕಾದ ಕಡೆ ಬಟ್ಟಬಯಲು. ತಂತಿ ಒರೆಸಿ ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಸುಟ್ಟೆಣ್ಣೆ ಬೆರೆಸಿದ್ದರೆ ಎರಡೂ ಗುಡ್ಡ ಕುಗ್ಗಬೇಕಿತ್ತು. ಇಲ್ಲಿ ಫೀನಾಲ್ ಹಳೆಯ ತಯಾರಿಗಿಂತ ಎತ್ತರವಾಗಿಯೇ ನಿಂತಿತ್ತು. ಆದರೂ ಅನುಮಾನ ಉಳಿಯಬಾರದೆಂದು ಭಟ್ಕಳಕ್ಕೆ ಹೋದೆ. ಅಲ್ಲಿನ ಗೋದಾಮಿನಿಂದಲೇ ಮೇಸ್ತ್ರಿಗೆ ಡ್ರಮ್ ಬರುತ್ತಿದ್ದದ್ದು. ಮೇಸ್ತ್ರಿಯ ಡ್ರಮ್ಮಿನ ತಯಾರಿಯದೇ, ಯಾರೂ ಮುಟ್ಟದ ಇನ್ನೊಂದು ಡ್ರಮ್ಮಿನ ಸೀಲ್ ನನ್ನ ಕೈಯಾರೆ ಒಡೆದು ಎಣ್ಣೆ ಎಳೆದೆ. ಗೋದಾಮಿನ ಮೆಟ್ಟಿಲ ಮೇಲೆ ಕೂತು ಶೀಷೆ ಕುಲುಕಿದೆ. ಅದೇ ಬಟ್ಟಬಯಲು.

ಸಾಹೇಬರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಹಬ್ಬ ಇರಲಿಲ್ಲ.

"ಅಮೀನ್ ಸಪ್ಲೈ ಇರ್ಲಿಲ್ರೀ ಆಗ. ಬದಲಿಗೆ ಫೀನಾಲ್ ಜಾಸ್ತಿ ಹಾಕಿದಾರೆ. ಟೆಸ್ಟೆಲ್ಲಾ ಪಾಸಾಗಿದೆ."

"ಯಾವ ಟೆಸ್ಟು ಸರ್? ತಂಪು ಎಣ್ಣೆಯ ಟೆಸ್ಟಾ? ಇಲ್ಲಿ ಗಾಡಿ ಘಟ್ಟ ಹತ್ತುತ್ತವೆ."

"ನೀವು ಸುಮ್ಮನೆ ತಲೆ ಕೆಡಿಸ್ಕೋತೀರಿ. ದೇವರೇ ಮೀನೆಣ್ಣೆ ಕೊಟ್ಟಿದಾನೆ, ಹಿಡ್ಕೊಳ್ಳಿ. ಯಾವ್ದೋ ಒಂದು ಗ್ಯಾರೇಜಿಗೋಸ್ಕರ ಮನೆ ಮಾತು ಬೀದಿಗೆ ತರೋದು ಬೇಡ."

ಲಾರಿಯಡಿಯಲ್ಲಿ ಬಂದಿದ್ದಕ್ಕಿಂತ ದೊಡ್ಡ ವಾಕರಿಕೆ ಬಂತು ನನಗೆ, ಓಡಿಹೋಗಲು ಇಲ್ಲಿ ನಲ್ಲಿಯೂ ಇರಲಿಲ್ಲ. ಮೀನೆಣ್ಣೆ ಸುರಿದವನು ಯಾರೇ ಆಗಿರಲಿ, ತಿಳಿಯದೆ ಸುರಿದಿದ್ದಾನೆ. ಇವರು ಎಲ್ಲ ತಿಳಿದು, ಮೇಲೆ ಹೊಳೆಯುವ ಚೀಟಿ ಅಂಟಿಸಿ, ಅದನ್ನು ಹೊಗಳಲು ನನ್ನನ್ನು ಊರೂರಿಗೆ ಕಳಿಸಿದ್ದಾರೆ. ಈ ಎಣ್ಣೆ ಒಳ್ಳೆಯದು ಅಂತ ಎಷ್ಟು ಗ್ಯಾರೇಜಿನ ಬಾಗಿಲಲ್ಲಿ ನಿಂತು ಹಲ್ಲುಕಿರಿದಿದ್ದೆನೋ! ನೆನೆದು ಮೈ ಉರಿಯಿತು. ಅಸಹ್ಯ, ಬೇರೆ ಪದ ಸಿಗುತ್ತಿಲ್ಲ.

ಈ ಬಾಟಲಿಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಫಲಿತಾಂಶ ಸಾಹೇಬರ ಮೇಜಿಗೆ ಹೋಗುತ್ತದೆ, ಮೊದಲು ಕಳಿಸಿದ ಡ್ರಮ್ಮಿನ ಫಲಿತಾಂಶದ ಹಾಗೆ ಅಲ್ಲೇ ಮಲಗುತ್ತದೆ. ಕಳಿಸಲಿಲ್ಲ. ವರದಿ ನಾನೇ ಬರೆದೆ, ಅರ್ಧ ಮೀನೆಣ್ಣೆ, ಅರ್ಧ ನಮ್ಮ ತಯಾರಿ, ಎರಡನ್ನೂ ಬಿಡದೆ. ಒಂದು ಪ್ರತಿಯನ್ನು ಸಾಹೇಬರಿಗೂ ಕಳಿಸಿದೆ. ಆಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ಯಜಮಾನ್ತಿಯನ್ನೂ ಕಾಸರಕೋಡಿನ ಲಾರಿಯವರನ್ನೂ ಟೆಂಪೋದ ಭಟ್ಟರನ್ನೂ ಗ್ಯಾರೇಜಿಗೆ ಕರೆಸಿ ಅಂದೆ. ಯಂತ್ರ ತರುತ್ತೇನೆ, ಅವರ ಕಣ್ಣೆದುರೇ ಪರೀಕ್ಷೆ ಮಾಡುತ್ತೇನೆ.

ಬಂದರು. ಯಜಮಾನ್ತಿ ಸ್ಟೂಲಿನ ಮೇಲೆ ಕೂತಳು, ಅವಳ ಡ್ರೈವರ್ ಕಂಬಕ್ಕೆ ಒರಗಿ ನಿಂತ, ಲಾರಿಯವರು ಬಾಗಿಲಲ್ಲೇ ನಿಂತರು. ಸಂತೆಗುಳಿಯ ಹಿರಿಯರು ಟೆಂಪೋವನ್ನು ಮೀನಿನ ಲಾರಿಯಿಂದ ಆದಷ್ಟು ದೂರ ನಿಲ್ಲಿಸಿ ಮೂಗಿಗೆ ಶಲ್ಯ ಹಿಡಿದು ಬಂದರು. ಸ್ಪಾನರುಗಳನ್ನು ಸರಿಸಿ, ಪೇಪರ್ ಹಾಸಿ, ಯಂತ್ರ ಇಟ್ಟೆ. ಹಳೆಯ ತಯಾರಿಯ ಇನ್ನೊಂದು ಸೀಲಾದ ಡಬ್ಬಿಯನ್ನು ಅವರೆದುರು ಒಡೆದು ಶೀಷೆ ಕುಲುಕಿದೆ. ಎರಡು ಗುಡ್ಡ ಮೂಡಿದವು. ಮೇಸ್ತ್ರಿಯ ಡ್ರಮ್ಮಿನದಕ್ಕೆ ಒಂದು. ಭಟ್ಕಳದ ಸೀಲು ಒಡೆದ ಡ್ರಮ್ಮಿನದಕ್ಕೂ ಒಂದು.

"ಗೆರೆ ನೋಡಿ ನಂಗೆಂತ ಗುತ್ತಾತದೆ?" ಅಂದಳು ಯಜಮಾನ್ತಿ. ಆದರೆ ಪರದೆಯ ಹತ್ತಿರ ಬಗ್ಗಿದ್ದಳು. "ಇಲ್ಲೊಂದು ಇಲ್ಲ ಅಲ್ದಾ? ಎಲ್ಲಿ ಹೋತು ಅದು?"

"ಹೋಗಿದ್ದಲ್ಲ. ಹಾಕೇ ಇಲ್ಲ. ಬಿಸಿ ತಡೀಲಿಕ್ಕೆ ಹಾಕೂ ಮದ್ದು ಅದು, ನಮ್ಮ ಕಂಪನಿಯವರು ಹಾಕ್ಲಿಲ್ಲ. ಮೇಸ್ತ್ರಿ ಏನೂ ಬೆರ್ಸಿಲ್ಲ." ವ್ಯಾಪಾರದ ನಗು ಇಲ್ಲದೆ ಆ ಮಾತು ಹೇಳಿದ್ದು ನನಗೇ ಹೊಸದೆನಿಸಿತು. ವರದಿಯಲ್ಲಿ ನಮ್ಮ ತಯಾರಿಯ ಭಾಗವನ್ನು ಗಟ್ಟಿಯಾಗಿ ಓದಿದೆ. ಮೇಸ್ತ್ರಿ ಕೈ ಕಟ್ಟಿ ನೆಲ ನೋಡುತ್ತಿದ್ದರು.

ಯಜಮಾನ್ತಿ ಸುಲಭಕ್ಕೆ ಬಿಡುವವಳಲ್ಲ. "ಮತ್ತೆ ಈ ಭಟ್ರ ಗಾಡಿ ಓಡ್ತಾ ಅದಲ್ಲ? ನಂದು ಮಾತ್ರ ಎಂತಕ್ಕೆ ಹಿಡ್ಕಂತು?"

ಲಾರಿಯ ಮುದ್ದೆಯ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟೆ. "ಮೂಗು ನಿಂದೇ ಅಲ್ದಾ? ನೀನೇ ನೋಡು."

ಮುಚ್ಚಳ ತೆಗೆದಳು. ಬೆರಳು ಅದ್ದಿ ಮೂಗಿಗೆ ಹಿಡಿದಳು. ಮುಖ ಸಿಂಡರಿಸಿತು. ಮತ್ತೊಮ್ಮೆ ಹಿಡಿದಳು. ಆಮೇಲೆ ಮೆಲ್ಲಗೆ ಕಂಬದ ಕಡೆ ತಿರುಗಿದಳು.

"ತಾರ್ಲೆ ಎಣ್ಣೆ ಇದು. ನಮ್ಮ ದೋಣಿ ಡಬ್ಬಿದು. ಏ, ಎಂತ ಮಾಡ್ದ್ಯೋ ನೀನು?"

ಡ್ರೈವರ್ ಕಂಬದಿಂದ ಮೈ ಎತ್ತಿದ. "ಸದ್ದು ಬಂದಿತ್ತಲ್ಲ ಅಮ್ಮಾ. ದೋಣಿ ಕಿರ್ ಅಂದ್ರೂ ಅದೇ ಅಲ್ದಾ ಹಚ್ಚೂದು? ಒಳ್ಳೇದೇ ಆತದೆ ಅಂದ್ಕಂಡೆ. ಹಾಕ್ದ ಕೂಡ್ಲೇ ಸದ್ದು ನಿಂತಿತ್ತು ನೋಡಿ!"

"ಎಷ್ಟು ಹಾಕ್ದೆ?" ಅಂದಳು ಯಜಮಾನ್ತಿ.

"ಹಿಡ್ದಷ್ಟು."

ಲಾರಿಯವರು ಹೋ ಎಂದು ನಕ್ಕರು. ಹಿರಿಯರು ಶಿವ ಶಿವಾ ಅನ್ನುತ್ತಾ ಹೊರಗೆ ನಡೆದರು. ಸದ್ದು ನಿಂತಿದ್ದು ಸುಳ್ಳಲ್ಲ. ಕೊಬ್ಬಿನ ಅಣು ಲೋಹಕ್ಕೆ ಚೆನ್ನಾಗಿ ಅಂಟುತ್ತದೆ, ತಿಮಿಂಗಿಲದ ಎಣ್ಣೆಯನ್ನೇ ಗೇರಿಗೆ ಬೆರೆಸುತ್ತಿದ್ದ ಕಾಲವೂ ಇತ್ತು. ನಮ್ಮ ಎಣ್ಣೆ ಸರಿಯಿದ್ದಿದ್ದರೆ ಸದ್ದೇ ಬರುತ್ತಿರಲಿಲ್ಲ, ಸದ್ದು ಬರದಿದ್ದರೆ ಇವನು ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಅದನ್ನೂ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ನಗುತ್ತಿದ್ದರು.

ಯಾರಾದರೂ ಒಬ್ಬರು ಮೇಸ್ತ್ರಿಯ ಮುಖ ನೋಡಿ ತಪ್ಪಾತು ಅನ್ನಬಹುದು ಎಂದು ನಾನು ಕಾದೆ. ಬಂದರಿನಲ್ಲಿ ಕಳ್ಳ ಅಂತ ಸಾರಿದವರು, ಎದುರಿಗೇ ಹಾರ್ನ್ ಹೊಡೆದು ಹೋದವರು, ಈಗ ಹಲ್ಲುಕಡ್ಡಿ ಕಚ್ಚಿಕೊಂಡು ಹೆದ್ದಾರಿ ನೋಡುತ್ತಿದ್ದರು. ಒಬ್ಬನಂತೂ, "ಮೇಸ್ತ್ರೀ, ನಂದೂ ಗುಂಯ್ ಅಂತದೆ, ಒಂದ್ಸಲ ನೋಡ್ತ್ರಾ?" ಅಂತ ಆಗಲೇ ಲಾರಿಯನ್ನು ಹಿಂದಕ್ಕೆ ತೆಗೆದು ಶೆಡ್ಡಿಗೆ ನುಗ್ಗಿಸಿದ. ನನಗೆ ಉರಿದುಹೋಯಿತು. ಮೇಸ್ತ್ರಿ ಮಾತ್ರ ಕೈ ತೋರಿಸಿ ಗಾಡಿಯನ್ನು ನೇರ ನಿಲ್ಲಿಸಿಕೊಂಡರು.

ಆಮೇಲೆ ಒಳಗೆ ಹೋಗಿ ಎರಡು ಕೆರೆಯುವ ಪಟ್ಟಿ ಮತ್ತು ಡೀಸೆಲ್ ಬೋಗುಣಿ ತಂದರು. ಒಂದು ಪಟ್ಟಿಯನ್ನು ಡ್ರೈವರನ ಕೈಗೆ ಕೊಟ್ಟರು. "ನೀ ಹಾಕಿದ್ದು, ನೀನೇ ತೆಗಿ." ಅವನು ಯಜಮಾನ್ತಿಯ ಕಡೆ ನೋಡಿದ. "ನನ್ನ ಮಕ ಎಂತ ನೋಡ್ತೆ? ನುಗ್ಗು ಅಡಿಗೆ," ಅಂದಳು ಅವಳು, ಸ್ಟೂಲನ್ನು ತನ್ನ ಲಾರಿಯ ಹತ್ತಿರ ಎಳೆದುಕೊಂಡು ಕಾವಲಿಗೆ ಕೂತಳು. ಒಳಗಿನಿಂದ ಕರ್ ಕರ್ ಸದ್ದೂ, ನಡುನಡುವೆ ಅವನು ವಾಕರಿಸುವ ಸದ್ದೂ ಕೇಳತೊಡಗಿತು.

ಮೇಸ್ತ್ರಿ ಇನ್ನೊಂದು ಪಟ್ಟಿ ಹಿಡಿದುಕೊಂಡು ನನ್ನ ಎದುರು ನಿಂತಿದ್ದರು. ಸಿಟ್ಟಿನ ಮುಖವಲ್ಲ.

"ಭಟ್ರ ಟೆಂಪೋದ್ದು ಬಾಕಿ ಇದೆ ಮೇಡಮ್. ಅದು ನಿಮ್ಮವ್ರು ಹಾಕಿದ್ದು."

ಬ್ಯಾಗಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಸಾಹೇಬರದ್ದು. ವರದಿ ತಲುಪಿರಬೇಕು. ಅದು ಹೊಡೆದುಕೊಳ್ಳಲಿ ಅಂತ ಬಿಟ್ಟು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಪಟ್ಟಿ ತೆಗೆದುಕೊಂಡೆ, ಟೆಂಪೋದ ಅಡಿಗೆ ಗೋಣಿ ಹಾಸಿ ಮಲಗಿದೆ. ಎಣ್ಣೆ ಪೂರ್ತಿ ಇಳಿಸಿ ಕ್ರೌನಿನ ಮುಚ್ಚಳ ತೆಗೆದಾಗ ಒಳಗೋಡೆಗೆ ಹತ್ತಿದ ಕಂದು ಅಂಟು ಕಂಡಿತು. ಪಟ್ಟಿ ಹಾಕಿ ಎಳೆದೆ. ಸಿಪ್ಪೆ ಎದ್ದು ಕೆನ್ನೆ ಮೇಲೆ ಬಿತ್ತು, ಅದರ ಹಿಂದೆಯೇ ನಾತ ಬಂತು. ಇದರಲ್ಲಿ ತಾರ್ಲೆ ಇರಲಿಲ್ಲ. ಇದು ಪೂರ್ತಿ ನಮ್ಮದೇ.